ಕಟ್ಟೆಯ ಮಾತಿಗೆ ಕೋರ್ಟಿನ ಕೈ

ಕೊಟ್ಟ ಮಾತಿಗೆ ತಪ್ಪಬಾರದು ಅನ್ನುವುದನ್ನು ನಮ್ಮ ಮಕ್ಕಳು ಪ್ರೈಮರಿ ಸ್ಕೂಲಿನಲ್ಲೇ ಕಲಿಯುತ್ತಾರೆ. ಪುಣ್ಯಕೋಟಿಯ ಕಥೆ ಹಾಡಿಸದ ಮೇಷ್ಟರಿಲ್ಲ, ಹಾಡುವಾಗ ಕಣ್ಣು ಒದ್ದೆಯಾಗದ ಮಗುವಿಲ್ಲ. ಆದರೆ ಆ ಹಸು ಎಲ್ಲಿ ನಿಂತು ಮಾತು ಕೊಟ್ಟಿತು ಅನ್ನುವುದನ್ನು ಯಾರೂ ಪಾಠ ಮಾಡುವುದಿಲ್ಲ. ಹುಲಿಯ ಪಂಜದ ಕೆಳಗೆ ನಿಂತು ಕೊಟ್ಟ ಮಾತದು. ಹಸು ಅದನ್ನು ಉಳಿಸಿಕೊಂಡದ್ದು ಹಸುವಿನ ದೊಡ್ಡತನ, ಸರಿ. ಹುಲಿ ಆ ಮಾತನ್ನು ಛಾಪಾ ಕಾಗದದ ಮೇಲೆ ಬರೆಸಿಕೊಂಡು, ಹಸು ಬಾರದೆ ಹೋದರೆ ಕೋರ್ಟಿನಲ್ಲಿ ಅಮಲ್ಜಾರಿ ಅರ್ಜಿ ಹಾಕಿ, ಅಮೀನನನ್ನು ಕರಕೊಂಡು ದೊಡ್ಡಿಯ ಬಾಗಿಲಿಗೆ ಬಂದಿದ್ದರೆ ಏನನ್ನುತ್ತಿದ್ದೆವು? ಕಥೆಯ ಹುಲಿಗೆ ಅಷ್ಟು ಮಾನ ಇತ್ತು, ಪ್ರಾಣ ಬಿಟ್ಟಿತು. ನಮ್ಮ ಊರುಗಳ ಹುಲಿಗಳು ಪ್ರಾಣ ಬಿಡುವುದಿಲ್ಲ, ವಕೀಲರನ್ನು ಹಿಡಿಯುತ್ತವೆ.

ಇದನ್ನು ನಾವು ತಮಾಷೆಗೆ ಹೇಳುತ್ತಿಲ್ಲ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ, ಈ ಯಾವ ತಾಲ್ಲೂಕಿನ ಕೋರ್ಟು ಆವರಣದಲ್ಲಾದರೂ ಒಂದು ಬೆಳಿಗ್ಗೆ ನಿಂತು ನೋಡಿ. ಪಾಲು ವಿಭಾಗದ ದಾವೆ ಹೊತ್ತು ಬಂದ ಅಣ್ಣತಮ್ಮಂದಿರು, ತವರಿನ ಮೇಲೆ ದಾವೆ ಹೂಡಿ ತಲೆ ತಗ್ಗಿಸಿ ಕೂತ ಹೆಣ್ಣುಮಕ್ಕಳು, ಗುಡಿಯ ಪೂಜೆ ಸರದಿಗೆ ಕಿತ್ತಾಡುವ ದಾಯಾದಿಗಳು ಕಣ್ಣಿಗೆ ಬೀಳುತ್ತಾರೆ. ಮಳೆ ನೋಡಿಕೊಂಡು ರಾಗಿ ಹುರುಳಿ ಬಿತ್ತುತ್ತಿದ್ದ ಹೊಲಗಳು ಇವು. 2008ರಲ್ಲಿ ದೇವನಹಳ್ಳಿಯಲ್ಲಿ ವಿಮಾನ ಇಳಿಯಲು ಶುರುವಾದ ಮೇಲೆ ಎಕರೆ ಲೆಕ್ಕ ಹೋಗಿ ಗುಂಟೆ ಲೆಕ್ಕ ಬಂತು, ಗುಂಟೆ ಹೋಗಿ ಚದರಡಿ ಲೆಕ್ಕ ಬಂತು. ಅದೇ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 1,777 ಎಕರೆಯನ್ನು ಉಳಿಸಿಕೊಳ್ಳಲು ರೈತರು ಮೂರು ವರ್ಷಕ್ಕೂ ಮಿಕ್ಕಿ ಧರಣಿ ಕೂತು, 2025ರ ಜುಲೈನಲ್ಲಿ ಸರ್ಕಾರ ಭೂಸ್ವಾಧೀನ ಕೈಬಿಡುವ ಹಾಗೆ ಮಾಡಿದರು. ದೊಡ್ಡ ಗೆಲುವು. ಆದರೆ ಸರ್ಕಾರದ ಎದುರು ಉಳಿಸಿಕೊಂಡ ನೆಲದಲ್ಲೂ ಮನೆಯ ಒಳಗೆ ಯಾರ ಪಾಲು ಎಷ್ಟು ಅನ್ನುವ ಪ್ರಶ್ನೆ ಎಲ್ಲ ಊರುಗಳಲ್ಲೂ ಉಳಿದೇ ಇರುತ್ತದೆ. ನೆಲಕ್ಕೆ ಬೆಲೆ ಬಂದ ಕೂಡಲೇ ಟ್ರಂಕಿನ ತಳದಲ್ಲಿದ್ದ ಕಾಗದಕ್ಕೂ ಜೀವ ಬರುತ್ತದೆ. ಪಂಚಾಯ್ತಿ ಪಾಲುಪಟ್ಟಿ, ರಾಜಿ ಪತ್ರ, ‘ಪಂಚರು ಕೂತು ತೀರ್ಮಾನಿಸಿದ ಕರಾರು’. ಕೆಳಗೆ ನಾಲ್ಕು ರುಜು, ಆರು ಹೆಬ್ಬೆಟ್ಟು.

ಆ ಹೆಬ್ಬೆಟ್ಟನ್ನು ನಿಜಮಾಡಿಕೊಡು ಅಂತ ಕೋರ್ಟನ್ನು ಕೇಳುವುದಕ್ಕೆ ಅಮಲ್ಜಾರಿ ಅನ್ನುತ್ತಾರೆ. ಕೋರ್ಟಿಗೆ ತನ್ನದೇ ಕೈಯಿದೆ. ಅಮೀನ, ಪೊಲೀಸು, ಬೀಗ, ಜಪ್ತಿ. ಊರಿನ ಕಟ್ಟೆಯ ಮಾತಿಗೆ ಆ ಕೈಯನ್ನು ಎರವಲು ಕೊಡುವುದು ಯಾವಾಗ ನ್ಯಾಯ, ಯಾವಾಗ ಅನ್ಯಾಯ? ನಮ್ಮ ಪ್ರಶ್ನೆ ಇಷ್ಟೇ.

ಪಂಚಾಯ್ತಿ ಮಾಡುವುದು ಹೊಸದಲ್ಲ. ಯಾಜ್ಞವಲ್ಕ್ಯ ಸ್ಮೃತಿ ಕುಲ, ಶ್ರೇಣಿ, ಪೂಗ ಅಂತ ಸಭೆಗಳನ್ನು ಹೇಳುತ್ತದೆ. ಆ ಸ್ಮೃತಿಗೆ ಮಿತಾಕ್ಷರ ಅನ್ನುವ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ಇದ್ದದ್ದು ನಮ್ಮ ಕಲ್ಯಾಣದಲ್ಲೇ, ಆರನೇ ವಿಕ್ರಮಾದಿತ್ಯನ ಆಸ್ಥಾನದಲ್ಲಿ. ಹುಟ್ಟಿದ ಗಳಿಗೆಯಿಂದಲೇ ಗಂಡುಮಗನಿಗೆ ಪಿತ್ರಾರ್ಜಿತದಲ್ಲಿ ಪಾಲು ಅನ್ನುವ ಕಟ್ಟು ಅಲ್ಲಿಂದ ಹೊರಟು ದೇಶದ ಬಹುಭಾಗಕ್ಕೆ ಕಾನೂನಾಯಿತು. ಅದೇ ಕಲ್ಯಾಣದಲ್ಲಿ ಕೆಲವು ದಶಕದ ಮೇಲೆ ಹರಳಯ್ಯ, ಮಧುವರಸರ ಮಕ್ಕಳ ಮದುವೆ ನಡೆದದ್ದು, ಅದಕ್ಕಾಗಿ ಆ ಇಬ್ಬರು ತಂದೆಯರಿಗೆ ಎಳೆಹೂಟೆಯ ಶಿಕ್ಷೆ ಆಯಿತೆಂದು ಶರಣರ ಪರಂಪರೆ ನೆನೆಯುವುದು ಓದುಗರಿಗೆ ಗೊತ್ತು. ಗಂಡುಮಗನ ಪಾಲಿನ ಪುಸ್ತಕವನ್ನು ಮಾತ್ರ ಬಿಳಿಯರ ಕೋರ್ಟುಗಳೂ ತಲೆ ಮೇಲೆ ಹೊತ್ತುಕೊಂಡವು.

1934ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ಲು, ಮದ್ರಾಸು ಪ್ರಾಂತ್ಯದಿಂದ ಹೋದ ಒಂದು ಮನೆತನದ ಆಸ್ತಿಯ ವ್ಯಾಜ್ಯದಲ್ಲಿ ಹಳ್ಳಿ ಪಂಚಾಯ್ತಿಯನ್ನು ಮನಸಾರೆ ಹೊಗಳಿತು. ಇದು ಬಹುಕಾಲದಿಂದ ನಡೆದುಬಂದ ದಾರಿ, ಪಂಚರಿಗೆ ನಿಜಸಂಗತಿ ಸುಲಭವಾಗಿ ತಿಳಿಯುತ್ತದೆ, ಮನೆ ಮುಳುಗಿಸುವ ವ್ಯಾಜ್ಯ ತಪ್ಪುತ್ತದೆ ಎಂಬ ಅರ್ಥದ ಮಾತು. ವಕೀಲರು ಇವತ್ತಿಗೂ ಅದನ್ನು ಎತ್ತಿ ಓದುತ್ತಾರೆ. 2011ರಲ್ಲಿ ಸುಪ್ರೀಂ ಕೋರ್ಟು, ತಮಿಳುನಾಡಿನ ಆರುಮುಗಂ ಸೇರ್ವೈ ಮೊಕದ್ದಮೆಯಲ್ಲಿ, ಜಾತಿ ಪಂಚಾಯ್ತಿಗಳು, ಕಟ್ಟ ಪಂಚಾಯ್ತಿಗಳು ಸಂಪೂರ್ಣ ಕಾನೂನುಬಾಹಿರ, ಅವನ್ನು ಬೇರುಸಹಿತ ಕೀಳಬೇಕು ಅಂತ ಬರೆಯಿತು. ಹೋಟೆಲಿನಲ್ಲಿ ದಲಿತರಿಗೆ ಬೇರೆ ಲೋಟ ಇಡುವ ಪದ್ಧತಿಯನ್ನೂ ಅದೇ ತೀರ್ಪು ಎತ್ತಿಕೊಂಡಿತು. ಎರಡೂ ಕೋರ್ಟು ನೋಡಿದ್ದು ಒಂದೇ ಅರಳೀಮರವನ್ನು. ಲಂಡನ್ನಿನವರಿಗೆ ಕಂಡದ್ದು ಕಟ್ಟೆಯ ಮೇಲೆ ಕೂತವರು. 2011ರವರಿಗೆ ಕೆಳಗೆ ನಿಂತವರೂ ಕಂಡರು. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು ಹಳ್ಳಿಯನ್ನು ರಾಜ್ಯದ ಘಟಕ ಮಾಡಲು ಒಪ್ಪದೆ ವ್ಯಕ್ತಿಯನ್ನು ಘಟಕ ಮಾಡಿದ್ದನ್ನು ಸಮರ್ಥಿಸಿಕೊಂಡರು. ಹಳ್ಳಿಯ ಮೇಲೆ ಅವರಿಗೆ ಇಷ್ಟು ಕೋಪ ಯಾಕೆ ಅಂತ ಕೇಳುವ ಗಾಂಧೀವಾದಿ ಗೆಳೆಯರು ಒಂದು ಪಾಲುಪಟ್ಟಿಯನ್ನು ಬಿಡಿಸಿ ಓದಲಿ.

ಕಟ್ಟೆಯ ಮಾತು ಕೋರ್ಟಿನ ಹುಕುಂ ಆಗುವ ದಾರಿಯನ್ನು ಕೊಂಚ ನೋಡಬೇಕು. ಇಲ್ಲೇ ಆಟ ಇರುವುದು. 1940ರ ಮಧ್ಯಸ್ಥಿಕೆ ಕಾನೂನಿನಲ್ಲಿ ಪಂಚರು ಕೊಟ್ಟ ಅವಾರ್ಡು ತಾನೇ ಓಡುತ್ತಿರಲಿಲ್ಲ. ಅದನ್ನು ಕೋರ್ಟಿಗೆ ತರಬೇಕಿತ್ತು, ಎದುರಾಳಿಗೆ ನೋಟೀಸು ಹೋಗಬೇಕಿತ್ತು, ತಕರಾರು ಕೇಳಿದ ಮೇಲೆ ಕೋರ್ಟು ತೀರ್ಪು ಕೊಟ್ಟು ಡಿಕ್ರಿ ಮಾಡಬೇಕಿತ್ತು. ಗೆದ್ದವನು ಬಾಗಿಲು ತಟ್ಟಬೇಕಿತ್ತು ಅಂತ ಅರ್ಥ. 1996ರ ಕಾನೂನು ಇದನ್ನು ತಿರುಗಿಸಿ ಇಟ್ಟಿತು. ಈಗ ಅವಾರ್ಡು ಬಂದರೆ ಸೋತವನು ಬಾಗಿಲು ತಟ್ಟಬೇಕು. ಅದೂ ಮೂರು ತಿಂಗಳೊಳಗೆ, ಸಕಾರಣ ಇದ್ದರೆ ಇನ್ನು ಮೂವತ್ತು ದಿನ. ಅಷ್ಟರಲ್ಲಿ ತಟ್ಟಲಿಲ್ಲವೋ, ಅವಾರ್ಡೇ ಡಿಕ್ರಿಯ ಹಾಗೆ ಜಾರಿಯಾಗುತ್ತದೆ. ತಟ್ಟಬೇಕಾದ ಬಾಗಿಲು ತಾಲ್ಲೂಕಿನ ಮುನ್ಸೀಫ್ ಕೋರ್ಟಿನದಲ್ಲ, ಜಿಲ್ಲೆಯ ಪ್ರಧಾನ ಸಿವಿಲ್ ಕೋರ್ಟಿನದು. ದೊಡ್ಡ ಕಂಪನಿಗಳ ಜಗಳ ಬೇಗ ಮುಗಿಯಲಿ ಅಂತ ಮಾಡಿದ ಕಾನೂನು. ಕಂಪನಿಗೆ ಮೂರು ತಿಂಗಳು ಸಾಕು. ಓದು ಬಾರದ ಮುದುಕಿಗೆ ತಾನು ಒತ್ತಿದ್ದು ಏನು ಅಂತ ಗೊತ್ತಾಗುವುದಕ್ಕೇ ಮೂರು ವರ್ಷ ಹಿಡಿಯುತ್ತದೆ.

ಆ ಕಾನೂನಿನಲ್ಲಿ ಒಳ್ಳೆಯದು ಇಲ್ಲ ಅಂತಲ್ಲ. ಮಧ್ಯಸ್ಥಿಕೆಗೆ ಲಿಖಿತ ಒಪ್ಪಂದ ಬೇಕು. ಎರಡೂ ಕಡೆಯವರನ್ನು ಸಮಾನವಾಗಿ ಕಾಣಬೇಕು. 2015ರ ತಿದ್ದುಪಡಿ ಆದ ಮೇಲೆ ಒಂದು ಕಡೆಯವರ ಹತ್ತಿರದ ನೆಂಟ ಮಧ್ಯಸ್ಥನಾಗುವಂತಿಲ್ಲ, ಜಗಳ ಎದ್ದ ಮೇಲೆ ಎರಡೂ ಕಡೆಯವರು ಬರವಣಿಗೆಯಲ್ಲಿ ಒಪ್ಪಿದರೆ ಮಾತ್ರ ಆಗಬಹುದು. ಇದನ್ನು ಹಾಗೇ ಹಿಡಿದರೆ ನಮ್ಮ ಊರುಗಳಲ್ಲಿ ಎಷ್ಟು ಕಟ್ಟೆಗಳು ಖಾಲಿಯಾಗುತ್ತವೆಯೋ. ಪಂಚರಲ್ಲಿ ಒಬ್ಬ ಸೋದರಮಾವ, ಒಬ್ಬ ಭಾವ, ಇನ್ನೊಬ್ಬ ಸಾಲ ಕೊಟ್ಟವನು. ಆದರೆ ‘ಬರವಣಿಗೆಯಲ್ಲಿ ಒಪ್ಪಿದರೆ’ ಅನ್ನುವುದಕ್ಕೂ ಇನ್ನೊಂದು ಹೆಬ್ಬೆಟ್ಟು ಸಾಕಲ್ಲ.

ಎಷ್ಟೋ ಊರುಗಳಲ್ಲಿ ಅದು ಅವಾರ್ಡು ಅನ್ನಿಸಿಕೊಳ್ಳುವಷ್ಟು ಕ್ರಮವಾಗಿಯೂ ಇರುವುದಿಲ್ಲ. ಆಗ ಇನ್ನೊಂದು ದಾರಿ ಇದೆ, ಅದು ವ್ಯಾಕರಣದ ದಾರಿ. ನೂರು ರೂಪಾಯಿಗೆ ಮಿಕ್ಕ ಸ್ಥಿರಾಸ್ತಿಯನ್ನು ಹಂಚುವ ಪತ್ರ ರಿಜಿಸ್ಟರ್ ಆಗಬೇಕು ಅನ್ನುತ್ತದೆ 1908ರ ಕಾನೂನು. ಜಮೀನಿನ ಹಕ್ಕು ಹಂಚುವ ಅವಾರ್ಡಿಗೂ ಇದು ಅನ್ವಯ ಅಂತ ಸುಪ್ರೀಂ ಕೋರ್ಟು ಹೇಳಿದೆ. ಹಿಂದೆಯೇ ಬಾಯಿಮಾತಿನಲ್ಲಿ ಆಗಿಹೋದ ಭಾಗವನ್ನು ನೆನಪಿಗಾಗಿ ಬರೆದಿಟ್ಟ ಪಟ್ಟಿಗೆ ಮಾತ್ರ ರಿಜಿಸ್ಟ್ರಿ ಬೇಕಿಲ್ಲ. ಪತ್ರ ಬರೆಯುವವರಿಗೆ ಇದು ಬಾಯಿಪಾಠ. ‘ಭಾಗ ಮಾಡಿಕೊಂಡಿರುತ್ತೇವೆ’ ಅಂತ ಬರೆದರೆ ಭಾಗ ಇವತ್ತೇ ಆಯಿತು, ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಬೇಕು, ಎಲ್ಲರೂ ಅಲ್ಲಿ ನಿಂತು ಒಪ್ಪಿಕೊಳ್ಳಬೇಕು. ‘ಈ ಹಿಂದೆಯೇ ಭಾಗ ಮಾಡಿಕೊಂಡಿದ್ದು, ಈಗ ಜ್ಞಾಪಕಾರ್ಥ’ ಅಂತ ಬರೆದರೆ ಟ್ರಂಕಿನಲ್ಲೇ ಇಡಬಹುದು. ಕ್ರಿಯಾಪದದ ಒಂದು ಬಾಲದ ಮೇಲೆ ಎರಡೆಕರೆ ಹಾರಿಹೋಗುತ್ತದೆ. ಪಂಚರ ಮಾತಿನಂತೆ ನಡಕೊಂಡು, ಜಮೀನು ಬೇರೆ ಮಾಡಿಕೊಂಡು ಉತ್ತುಣ್ಣುತ್ತಿದ್ದವರು ಆಮೇಲೆ ಆ ಭಾಗವೇ ಆಗಿಲ್ಲ ಅನ್ನಲಾಗದು ಅಂತಲೂ ಸುಪ್ರೀಂ ಕೋರ್ಟು 1961ರಲ್ಲೇ ಹೇಳಿತ್ತು. ಕಬಾಡಿ ಅನ್ನುವ ಮನೆತನದ ಮೊಕದ್ದಮೆ ಅದು. ಒಪ್ಪಿಕೊಂಡು ಉಂಡವನಿಗೆ ಈ ಮಾತು ನ್ಯಾಯವೇ. ಉಣ್ಣಲು ಕರೆಯದೇ ಇದ್ದವರಿಗೆ?

ಕರೆಯದೇ ಇದ್ದವರಲ್ಲಿ ಮೊದಲನೆಯವಳು ಹೆಣ್ಣುಮಗಳು. ಈ ಸೀಮೆಯ ಹಳೆಯ ಪಾಲುಪಟ್ಟಿ ಯಾವುದನ್ನಾದರೂ ತೆಗೆಯಿರಿ. ಗಂಡುಮಕ್ಕಳಿಗೆ ಎ, ಬಿ, ಸಿ ಅಂತ ಷೆಡ್ಯೂಲು, ಚಕ್ಕುಬಂದಿ, ಬಾವಿಯ ನೀರಿನ ಸರದಿ, ಹುಣಸೇಮರದಲ್ಲಿ ಅರ್ಧ. ಹೆಣ್ಣುಮಕ್ಕಳದು ಒಂದು ಸಾಲು: ಮದುವೆ ಮಾಡಿಕೊಟ್ಟಿದೆ, ಅರಿಶಿನ ಕುಂಕುಮಕ್ಕೆ ಕೊಟ್ಟಿದೆ. ಅವಳು ಆ ಕಾಗದದಲ್ಲಿ ಕಕ್ಷಿಯಲ್ಲ, ಖರ್ಚಿನ ಬಾಬ್ತು.

1994ರ ಜುಲೈ 30ರಿಂದ ಕರ್ನಾಟಕದಲ್ಲಿ ಮಗಳೂ ಹುಟ್ಟಿನಿಂದ ಪಾಲುದಾರಳಾದಳು, ಆದರೆ ಅಷ್ಟರೊಳಗೆ ಮದುವೆಯಾಗಿದ್ದವಳು ಹೊರಗೇ ಉಳಿದಳು. 2005ರ ಸೆಪ್ಟೆಂಬರ್ 9ರಿಂದ ದೇಶಕ್ಕೆಲ್ಲ ಹೊಸ ಕಾನೂನು ಬಂತು, ಮದುವೆಯ ಷರತ್ತು ಹೋಯಿತು. 2004ರ ಡಿಸೆಂಬರ್ 20ಕ್ಕೆ ಮುಂಚೆ ಆದ ಭಾಗಗಳನ್ನು ಮಾತ್ರ ಕೆದಕುವಂತಿಲ್ಲ. ಇದನ್ನು ಕೇಳಿದ ಎಷ್ಟು ಅಣ್ಣಂದಿರ ಮನೆಯಲ್ಲಿ ದಿಢೀರಂತ ಹಳೆಯ ಭಾಗಗಳ ನೆನಪು ಮರುಕಳಿಸಿರಬೇಕು ಅಂತ ಊಹಿಸಿಕೊಳ್ಳಿ! ಕಾನೂನು ಬರೆದವರು ಇದನ್ನು ಮುಂಚೆಯೇ ಊಹಿಸಿದ್ದರು. ಭಾಗ ಅಂದರೆ ರಿಜಿಸ್ಟರ್ ಆದ ಪತ್ರದಿಂದ ಅಥವಾ ಕೋರ್ಟಿನ ಡಿಕ್ರಿಯಿಂದ ಆದದ್ದು ಮಾತ್ರ ಅಂತ ಕಲಂನ ಕೆಳಗೆ ವಿವರಣೆ ಹಾಕಿದರು. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಬಾಯಿಮಾತಿನ ಭಾಗವನ್ನು ಸರ್ಕಾರಿ ದಾಖಲೆಗಳ ಬಲವಾದ ಪುರಾವೆ ಇರುವ ಅಪರೂಪದ ಸಂದರ್ಭದಲ್ಲಿ ಬಿಟ್ಟರೆ ಒಪ್ಪುವಂತಿಲ್ಲ ಅಂತ ಹೇಳಿತು. ಅಂದರೆ ದೇಶದ ಕಾನೂನೇ ಒಂದು ಕಡೆ, ಹೆಣ್ಣಿನ ವಿಷಯಕ್ಕೆ ಬಂದಾಗ ಕಟ್ಟೆಯ ಮಾತನ್ನು ನಂಬುವುದಿಲ್ಲ ಅಂತ ಬಾಯಿಬಿಟ್ಟು ಹೇಳಿದೆ. ಇದನ್ನು ನೆನಪಿಟ್ಟುಕೊಳ್ಳಿ. ಹೀಗೆ ನಂಬದ ಇನ್ನೆರಡು ಕಾನೂನುಗಳಿವೆ.

ಎರಡನೆಯದು ಗುಡಿಯ ವಿಷಯ. ಘಾಟಿ ಸುಬ್ರಹ್ಮಣ್ಯದಂಥ ದೊಡ್ಡ ದೇವಸ್ಥಾನಗಳು ಮುಜರಾಯಿಗೆ ಸೇರಿವೆ, ಅಲ್ಲಿ ಸರ್ಕಾರದ ಕಾನೂನು ಉಂಟು. ಜಗಳ ಹೆಚ್ಚು ಇರುವುದು ಊರಮ್ಮ, ಮಾರಮ್ಮ, ಮುನೇಶ್ವರ, ಆಂಜನೇಯರ ಸಣ್ಣ ಗುಡಿಗಳಲ್ಲಿ. ಒಂದು ಊರು ಅಂತಿಟ್ಟುಕೊಳ್ಳಿ. ಪೂಜಾರಿಕೆ ಮಾಡುವ ಎರಡು ಮನೆಯವರು ಸರದಿಗೆ, ಗುಡಿಯ ಮಾನ್ಯದ ಜಮೀನಿಗೆ, ಹುಂಡಿ ದುಡ್ಡಿಗೆ ಕಿತ್ತಾಡುತ್ತಾರೆ. ಪಂಚರು ಕೂರುತ್ತಾರೆ. ಒಂದು ವರ್ಷ ಇವರು, ಒಂದು ವರ್ಷ ಅವರು. ಮೊದಲ ತಂಬಿಟ್ಟಿನ ಆರತಿ ಗೌಡರ ಮನೆಯದು. ಎಲ್ಲ ಬರೆದು ಕಡೆಗೆ ಒಂದು ಸಾಲು ಸೇರಿಸುತ್ತಾರೆ: ಕೇರಿಯವರು ವಾಡಿಕೆಯಂತೆ ತಮಟೆ ಸೇವೆ ನಡೆಸಿಕೊಡತಕ್ಕದ್ದು, ವಾಡಿಕೆಯಂತೆ ದರ್ಶನ ಮಾಡಿಕೊಳ್ಳತಕ್ಕದ್ದು. ಕೇರಿಯಿಂದ ಒಬ್ಬ ಹಿರಿಯನನ್ನು ಕರೆದು ಅದಕ್ಕೆ ಹೆಬ್ಬೆಟ್ಟು ಒತ್ತಿಸುತ್ತಾರೆ. ಜಗಳ ಪೂಜಾರಿಗಳದ್ದು, ಕಟ್ಟು ಕೇರಿಗೆ. ಆ ‘ವಾಡಿಕೆಯಂತೆ’ ಅನ್ನುವ ಪದವನ್ನು ಬಿಡಿಸಿದರೆ ಒಳಗೆ ಹೊಸ್ತಿಲಿದೆ, ಹೊಸ್ತಿಲಿನಾಚೆ ನಿಲ್ಲಿಸಿದ ನಾಲ್ಕು ತಲೆಮಾರಿದೆ, ಕೂಲಿಯಿಲ್ಲದ ತಮಟೆಯಿದೆ.

ಈ ಕಾಗದವನ್ನು ಹಿಡಿದು ಕೋರ್ಟಿಗೆ ಹೋದರೆ ಏನಾಗಬೇಕು? ಕಾನೂನು ಇಲ್ಲಿ ಹಲವು ಮಾತು ಹೇಳುತ್ತದೆ. ಬರೀ ಮರ್ಯಾದೆ, ಮೊದಲ ತೀರ್ಥ, ಮೊದಲ ಆರತಿ, ಇವು ಯಾವುದಾದರೂ ಹುದ್ದೆಗೆ ಅಂಟಿಕೊಂಡಿರದಿದ್ದರೆ ಸಿವಿಲ್ ಹಕ್ಕೇ ಅಲ್ಲ ಅಂತ 1961ರಲ್ಲಿ ಜೀಯರುಗಳ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಹೇಳಿತು. ಟ್ರಸ್ಟಿನ ಒಳಜಗಳವನ್ನು ಮಧ್ಯಸ್ಥರು ತೀರ್ಮಾನಿಸುವಂತಿಲ್ಲ ಅಂತ 2016ರಲ್ಲಿ ಹೇಳಿತು. 2010ರಲ್ಲಿ ಯಾವ ಯಾವ ದಾವೆಗಳನ್ನು ಕೋರ್ಟಿನ ಹೊರಗಿನ ರಾಜಿಗೆ ಕಳಿಸಬಾರದು ಅಂತ ಪಟ್ಟಿ ಮಾಡುವಾಗ, ಅಪ್ರಾಪ್ತ ವಯಸ್ಸಿನವರ ಮೇಲಿನ ಕ್ಲೇಮು, ಮಾನಸಿಕವಾಗಿ ಅಸಮರ್ಥರಾದವರ ಮೇಲಿನ ಕ್ಲೇಮು, ಜೊತೆಗೆ ದೇವರ ಮೇಲಿನ ಕ್ಲೇಮು ಅಂತ ಸೇರಿಸಿತು. ಯಾಕೆಂದರೆ ಕಾನೂನಿನ ಕಣ್ಣಲ್ಲಿ ದೇವರು ಎಂದೂ ದೊಡ್ಡವನಾಗದ ಹುಡುಗ. ತನ್ನ ಪರವಾಗಿ ತಾನು ಮಾತಾಡಲಾರ. ಅವನ ಆಸ್ತಿಯನ್ನು ಬೇರೆಯವರು ಕೂತು ರಾಜಿ ಮಾಡಿಬಿಟ್ಟಾರು ಅಂತ ಕೋರ್ಟಿಗೆ ಆತಂಕ.

ಇದನ್ನು ಓದಿ ನಮಗೆ ನಗು ಬಂತು, ಆಮೇ��ೆ ನಗು ನಿಂತಿತು. ಕಲ್ಲಿನ ದೇವರಿಗೆ ಬಾಯಿಲ್ಲ ಅಂತ ಕೋರ್ಟಿಗೆ ಗೊತ್ತಾಗುತ್ತದೆ. ಗುಡಿಯ ಮುಂದೆ ತಮಟೆ ಹಿಡಿದು ನಿಂತವನಿಗೆ ಬಾಯಿದ್ದೂ ಇಲ್ಲದ ಹಾಗೆ ಆಗಿರುವುದು ಗೊತ್ತಾಗುವುದಕ್ಕೆ ಇನ್ನೇನು ಬೇಕು? 1957ರಲ್ಲಿ ಮೂಲ್ಕಿಯ ವೆಂಕಟರಮಣ ದೇವಸ್ಥಾನದ ಮೊಕದ್ದಮೆಯನ್ನು ನೆನೆಯಿರಿ. ದೇವಸ್ಥಾನ ಎಲ್ಲ ಹಿಂದೂಗಳಿಗೂ ತೆರೆಯಬೇಕು, ಆದರೆ ಕೆಲವು ವಿಶೇಷ ಸೇವೆಗಳಲ್ಲಿ ಪಂಗಡದವರು ಮಾತ್ರ ಇರಬಹುದು ಅಂತ ತೀರ್ಪಾಯಿತು. ಒಳ್ಳೆಯ ತೀರ್ಪು, ಅರ್ಧ ಒಳ್ಳೆಯ ತೀರ್ಪು. ಆ ದಾವೆಯಲ್ಲಿ ವಾದಿಗಳು ದೇವಸ್ಥಾನದ ಟ್ರಸ್ಟಿಗಳು, ಪ್ರತಿವಾದಿ ಸರ್ಕಾರ. ಯಾರ ಪ್ರವೇಶದ ಮಾತೋ ಅವರಿಗೆ ಅಲ್ಲಿ ಕಕ್ಷಿಯ ಸ್ಥಾನ ಇರಲಿಲ್ಲ.

ಆದರೂ ಒಂದು ಕಲಂ ಇದೆ. ಅದನ್ನು ನಮ್ಮ ಕಾರ್ಯಕರ್ತರು ಬಾಯಿಪಾಠ ಮಾಡಬೇಕು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ, 1976ರಲ್ಲಿ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆ ಅಂತ ಹೆಸರಾದದ್ದು, ಅದರ 13ನೇ ಕಲಂ. ಈ ಕಾಯಿದೆಗೆ ವಿರುದ್ಧವಾಗುವ ಯಾವ ದಾವೆಯನ್ನೂ ಸಿವಿಲ್ ಕೋರ್ಟು ತೆಗೆದುಕೊಳ್ಳಬಾರದು, ಅಂಥ ಡಿಕ್ರಿ ಮಾಡಬಾರದು, ಮಾಡಿದ್ದರೂ ಅದನ್ನು ಪೂರ್ತಿಯಾಗಿಯಾಗಲಿ ಭಾಗಶಃವಾಗಲಿ ಜಾರಿ ಮಾಡಬಾರದು. ಅಸ್ಪೃಶ್ಯತೆಯ ಕಾರಣಕ್ಕೆ ಯಾರ ಮೇಲಾದರೂ ನಿರ್ಬಂಧ ಹೇರುವ ಯಾವ ವಾಡಿಕೆಯನ್ನೂ ಕೋರ್ಟು ಮಾನ್ಯ ಮಾಡಬಾರದು. ಜೈಲು ಜುಲ್ಮಾನೆಯ ಕಲಂಗಳ ಬಗ್ಗೆ ನಾವೆಲ್ಲ ಮಾತಾಡುತ್ತೇವೆ, ಠಾಣೆಗೆ ಹೋಗುತ್ತೇವೆ, ಎಫ್ಐಆರ್ ಹಾಕಿಸಲು ಕೂರುತ್ತೇವೆ. ಈ ಕಲಂ ಸದ್ದಿಲ್ಲದೆ ಕೂತಿದೆ. ಇದು ಯಾರನ್ನೂ ಜೈಲಿಗೆ ಹಾಕುವುದಿಲ್ಲ. ಸಿವಿಲ್ ಕೋರ್ಟಿನ ಕೈಯನ್ನೇ ಹಿಡಿದು ನಿಲ್ಲಿಸುತ್ತದೆ. ‘ವಾಡಿಕೆಯಂತೆ’ ಅಂತ ಬರೆದ ರಾಜಿಗೂ ಅವಾರ್ಡಿಗೂ ಇದೇ ಮದ್ದು.

ಮೂರನೆಯದು ಜಮೀನು. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ನೆಲ ಕೈತಪ್ಪದಿರಲಿ ಅಂತ ದೇವರಾಜ ಅರಸರ ಕಾಲದಲ್ಲಿ ಬಂದ 1978ರ ಕಾಯಿದೆ, ಜನ ಪಿಟಿಸಿಎಲ್ ಅನ್ನುವುದು, 1979ರ ಜನವರಿ 1ರಿಂದ ಜಾರಿಗೆ ಬಂತು. ಮಂಜೂರಾತಿಯ ಷರತ್ತು ಮೀರಿದ ಪರಭಾರೆ ಅಸಿಂಧು, ಇನ್ನು ಮುಂದೆ ಸರ್ಕಾರದ ಅನುಮತಿ ಇಲ್ಲದೆ ಪರಭಾರೆ ಮಾಡುವಂತಿಲ್ಲ ಅಂತ ಅದರ 4ನೇ ಕಲಂ. ಆ ಕಲಂನ ಮೂರನೇ ಉಪಕಲಂ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ: ಸಿವಿಲ್ ಕೋರ್ಟಿನ ಡಿಕ್ರಿಯ ಜಾರಿಯಲ್ಲಿ ಆದ ಮಾರಾಟಕ್ಕೂ, ಯಾವುದೇ ಪ್ರಾಧಿಕಾರದ ಅವಾರ್ಡಿನ ಜಾರಿಯಲ್ಲಿ ಆದ ಮಾರಾಟಕ್ಕೂ ಇದೇ ನಿಯಮ. ಅವಾರ್ಡು ಅನ್ನುವ ಪದವನ್ನೇ ಹೆಸರು ಹಿಡಿದು ಬರೆದಿದ್ದಾರೆ. ಕ್ರಯಪತ್ರದ ಬಾಗಿಲು ಮುಚ್ಚಿದರೆ ಹುಲಿ ಕೋರ್ಟಿನ ಬಾಗಿಲಲ್ಲಿ ಬರುತ್ತದೆ ಅಂತ ಬರೆದವರಿಗೆ ಗೊತ್ತಿತ್ತು. 1984ರಲ್ಲಿ ಸುಪ್ರೀಂ ಕೋರ್ಟು ಈ ಕಾಯಿದೆಯನ್ನು ಎತ್ತಿಹಿಡಿಯಿತು. 2017ರಲ್ಲಿ ಅದೇ ಕೋರ್ಟು ತಡವಾಗಿ ಬಂದ ಅರ್ಜಿಗೆ ಬೆಲೆಯಿಲ್ಲ ಅಂದಿತು, 2023ರಲ್ಲಿ ಹೋರಾಟದ ಒತ್ತಾಯಕ್ಕೆ ಶಾಸನಸಭೆ ಕಾಲಮಿತಿ ಇಲ್ಲ ಅಂತ ತಿದ್ದುಪಡಿ ಮಾಡಿತು. ಆ ಕಥೆ ಇನ್ನೊಮ್ಮೆ.

ಇಲ್ಲಿ ನಮ್ಮ ಕೇರಿಗಳ ಮಾತನ್ನೂ ಆಡದಿದ್ದರೆ ಬೂಟಾಟಿಕೆಯಾಗುತ್ತದೆ. ಪಿಟಿಸಿಎಲ್ ಕಾಯಿದೆಯಲ್ಲಿ ಮನೆಯವರ ಒಳಗಿನ ಭಾಗವನ್ನು ಪರಭಾರೆ ಅಂತ ಎಣಿಸಿಲ್ಲ. ಹುದ್ದೆಗೆ ಸೇರಿದ ತೋಟಿ, ತಳವಾರಿಕೆಯ ಇನಾಮ್ತಿ ನೆಲ ಆ ಕಾಯಿದೆಯ ಒಳಕ್ಕೇ ಬರುವುದಿಲ್ಲ. ಅಂದರೆ ಮನೆಯೊಳಗಿನ ಅನ್ಯಾಯಕ್ಕೆ ಆ ಕಾಯಿದೆ ತಡೆಯಲ್ಲ. ಊರಗೌಡನ ಕಟ್ಟೆಯ ಬದಲು ಕೇರಿಯ ಯಜಮಾನನ ಜಗುಲಿ, ಮೇಲೆ ಕೂತವರು ನಮ್ಮವರೇ. ಅಣ್ಣತಮ್ಮಂದಿರು ಭಾಗ ಮಾಡಿಕೊಂಡರು, ದೊಡ್ಡಬಳ್ಳಾಪುರದ ಮಗ್ಗದಲ್ಲಿ ದುಡಿದು ಅಪ್ಪನ ಔಷಧಿಗೆ ದುಡ್ಡು ಕಳಿಸಿದ ಮಗಳ ಹೆಸರು ಬರಲಿಲ್ಲ. ಕೇಳಿದರೆ ‘ನಮ್ಮ ಕುಲದ ಕಟ್ಟು’ ಅನ್ನುತ್ತಾರೆ. ಸಭೆಯಲ್ಲಿ ಮನುಸ್ಮೃತಿ ಸುಟ್ಟವರ ಬಾಯಲ್ಲಿ ಆ ಮಾತು ಬಂದರೆ ಅದಕ್ಕೆ ವಿಜ್ಞಾನೇಶ್ವರ ನಕ್ಕಾನು.

ಹಾಗಾದರೆ ಪಂಚಾಯ್ತಿಯೇ ಬೇಡ, ಎಲ್ಲರೂ ಕೋರ್ಟಿಗೆ ಹೋಗಿ ಅನ್ನುತ್ತೀರಾ ಅಂತ ಗೆಳೆಯರು ಕೇಳಬಹುದು. ಇಲ್ಲ. ಪಾಲಿನ ದಾವೆಯಲ್ಲಿ ಮೊದಲು ಪ್ರಾಥಮಿಕ ಡಿಕ್ರಿ, ಆಮೇಲೆ ಕಮಿಷನರು ಬಂದು ಅಳೆದು ಅಂತಿಮ ಡಿಕ್ರಿ, ಆಮೇಲೆ ಅಮಲ್ಜಾರಿ. ಒಂದೊಂದಕ್ಕೂ ವಕಾಲತ್ತು, ವಾಯಿದೆ, ಬಸ್ ಚಾರ್ಜು, ಹೋದ ಕೂಲಿ. ದಾವೆ ಹಾಕಿದವಳು ಸತ್ತು ಮಕ್ಕಳು ವಾರಸುದಾರರಾಗಿ ಸೇರುವುದನ್ನು ಎಲ್ಲರೂ ಕಂಡಿದ್ದೇವೆ. ಸಾವಿರ ರೂಪಾಯಿಯ ಜಗಳಕ್ಕೆ ಹತ್ತು ಸಾವಿರ ಸುರಿಯಲಾರದ ಬಡವನಿಗೆ ನೆರೆಯವರು ಕೂತು ಬಗೆಹರಿಸಿದರೆ ಅದೇ ದೊಡ್ಡದು. ಬಗೆಹರಿಸಲಿ. ಇಬ್ಬರೂ ಒಪ್ಪಿ ನಡೆದರೆ ಕೋರ್ಟಿನ ಕೈ ಬೇಕೇ ಇಲ್ಲವಲ್ಲ. 2023ರ ಮಧ್ಯಸ್ಥಿಕೆ ಕಾಯಿದೆ ಸಮುದಾಯ ಮಧ್ಯಸ್ಥಿಕೆ ಅಂತ ಒಂದು ಅಧ್ಯಾಯ ಬರೆದು, ಅದರಲ್ಲಾದ ಒಪ್ಪಂದ ಊರಿನ ಶಾಂತಿಗಾಗಿ, ಡಿಕ್ರಿಯ ಹಾಗೆ ಜಾರಿ ಮಾಡುವಂಥದಲ್ಲ ಅಂತ ಹೇಳಿರುವುದು ನಮಗೆ ಸರಿ ಅನ್ನಿಸುತ್ತದೆ. ಕೋರ್ಟಿನ ಕೈ ಬೇಕಾಗುವುದು ಒಬ್ಬರು ಒಲ್ಲೆ ಅಂದಾಗ ಮಾತ್ರ. ಆಗ ಕೋರ್ಟು ಕೇಳುವುದು: ‘ಅವತ್ತು ಒಪ್ಪಿ ರುಜು ಹಾಕಿದ್ದೀಯೋ ಇಲ್ಲವೋ?’ ಈ ಪ್ರಶ್ನೆ ಸಾಲದು ಅನ್ನುತ್ತೇವೆ ನಾವು. ಅವತ್ತು ಒಲ್ಲೆ ಅಂದಿದ್ದರೆ ಮಾರನೆ ದಿನ ಏನಾಗುತ್ತಿತ್ತು ಅಂತ ಕೇಳಬೇಕು.

ಅಂಗಡಿಯಲ್ಲಿ ಉಪ್ಪು ಸಿಗುತ್ತಿತ್ತೇ? ಹೊಲಕ್ಕೆ ಕೂಲಿಗೆ ಕರೆಯುತ್ತಿದ್ದರೇ? ಬಾಣಂತನಕ್ಕೆ ತವರಿನ ಬಾಗಿಲು ತೆರೆಯುತ್ತಿತ್ತೇ? ನಾಳೆ ಗಂಡ ಹೊಡೆದು ಓಡಿಸಿದರೆ ಅಣ್ಣನ ಜಗುಲಿ ಇರಲಿ ಅಂತ ಎಷ್ಟು ಹೆಣ್ಣುಮಕ್ಕಳು ಹಕ್ಕು ಖುಲಾಸೆಗೆ ಹೆಬ್ಬೆಟ್ಟು ಒತ್ತುವುದಿಲ್ಲ! ಅದನ್ನು ಒಪ್ಪಿಗೆ ಅನ್ನುವುದಾದರೆ ಪುಣ್ಯಕೋಟಿಯದೂ ಒಪ್ಪಿಗೆಯೇ. ಬೇಡ ಅನ್ನುವುದಕ್ಕೆ ತೆರಬೇಕಾದ ಬೆಲೆ ಎಷ್ಟು ಅಂತ ನೋಡದೆ ಹೂಂ ಅಂದದ್ದರ ತೂಕ ಗೊತ್ತಾಗುವುದಿಲ್ಲ. ಇದು ನಮ್ಮ ಹೊಸ ಸಿದ್ಧಾಂತ ಏನಲ್ಲ. 1872ರ ಕರಾರು ಕಾಯಿದೆಯ 16ನೇ ಕಲಂ ಅನುಚಿತ ಪ್ರಭಾವ ಅನ್ನುವುದು ಇದನ್ನೇ. ಒಬ್ಬರ ಮನಸ್ಸನ್ನು ಆಳುವ ಸ್ಥಾನದಲ್ಲಿ ಇರುವವನು ಮಾಡಿಕೊಂಡ ಕರಾರು ಮೇಲ್ನೋಟಕ್ಕೇ ಅನ್ಯಾಯ ಅನ್ನಿಸಿದರೆ, ಪ್ರಭಾವ ಬೀರಲಿಲ್ಲ ಅಂತ ಅವನೇ ರುಜುವಾತು ಮಾಡಬೇಕು. ಊರಗೌಡ, ಕೇರಿಯ ಆಳು. ಅಣ್ಣ, ತವರಿನ ಆಸೆಯ ತಂಗಿ. ಆಳುವ ಸ್ಥಾನ ಅನ್ನುವುದಕ್ಕೆ ಇದಕ್ಕಿಂತ ಉದಾಹರಣೆ ಬೇಕೇ? ಅವಾರ್ಡಿನ ಜಾರಿಗೆ ಬಂದವನ ಮೇಲೆ ಈ ಹೊರೆ ಹೊರಿಸಬೇಕು. ಮೂರು ತಿಂಗಳ ಗಡಿಯಾರ ಹೆಬ್ಬೆಟ್ಟು ಒತ್ತಿದವಳ ತಲೆ ಮೇಲೆ ಟಿಕ್ ಅನ್ನುವ ಬದಲು, ಹೆಬ್ಬೆಟ್ಟು ಒತ್ತಿಸಿಕೊಂಡವನು ಬಂದು ಹೇಳಲಿ: ಇವಳನ್ನು ಕರೆದಿದ್ದೆವು, ಕೂರಿಸಿದ್ದೆವು, ಓದಿ ಹೇಳಿದ್ದೆವು, ಬೇಡ ಅನ್ನಬಹುದು ಅಂತ ತಿಳಿಸಿದ್ದೆವು.

ಹಳ್ಳಿಯ ಮೇಷ್ಟರುಗಳಿಗೆ ಇಲ್ಲೊಂದು ಮಾತು. ಪತ್ರಿಕೆಯ ಓದುಗರಲ್ಲಿ ನೀವೇ ಹೆಚ್ಚು. ಊರಲ್ಲಿ ಅಕ್ಷರ ಬಲ್ಲವರು ಅಂತ ಪಾಲುಪಟ್ಟಿ ಬರೆಯಲು ನಿಮ್ಮನ್ನು ಕರೆಯುತ್ತಾರೆ. ಕಾಗದದ ಕೊನೆಗೆ ‘ಬಿಕ್ಕಲಂ’ ಅಂತ ನಿಮ್ಮ ರುಜು ಬೀಳುತ್ತದೆ, ಮುಂದೆ ಇಪ್ಪತ್ತು ವರ್ಷಕ್ಕೆ ಸಾಕ್ಷಿಕಟ್ಟೆಗೂ ನಿಮ್ಮನ್ನೇ ಕರೆಯುತ್ತಾರೆ. ಪೆನ್ನು ತೆಗೆಯುವ ಮುಂಚೆ ಹೆಣ್ಣುಮಕ್ಕಳು ಎಲ್ಲಿ ಅಂತ ಕೇಳಿ. ಬಂದಿದ್ದರೆ ಬಾಗಿಲ ಸಂದಿಯಲ್ಲಿ ನಿಂತಿದ್ದಾರೋ, ಚಾಪೆ ಮೇಲೆ ಕೂತಿದ್ದಾರೋ ನೋಡಿ. ಇವತ್ತು ಆದ ಭಾಗವನ್ನು ಹಿಂದೆ ಆದದ್ದು ಅಂತ ಬರೆಯಿರಿ ಅಂದರೆ ಬರೆಯಬೇಡಿ. ಗುಡಿಯ ಕಾಗದದಲ್ಲಿ ‘ವಾಡಿಕೆಯಂತೆ’ ಅನ್ನುವ ಪದ ಬಂದರೆ ಯಾವ ವಾಡಿಕೆ ಅಂತ ಬಿಡಿಸಿ ಹೇಳಿ ಸ್ವಾಮಿ ಅನ್ನಿ. ಬಾಯಿಬಿಟ್ಟು ಹೇಳಲು ಅವರಿಗೇ ನಾಚಿಕೆಯಾಗುತ್ತದೆ, ಹೇಳಿದರೆ ಹೇಳಿದ್ದನ್ನೇ ಬರೆಯಿರಿ, 13ನೇ ಕಲಂಗೆ ಅಷ್ಟು ಸಾಕು. ‘ನಿಮಗ್ಯಾಕೆ ಸಾ ಊರ ಉಸಾಬರಿ, ಬರೀರಿ ಅಂದ್ರೆ ಬರೀರಿ’ ಅಂತ ರೇಗುತ್ತಾರೆ. ವರ್ಗಾವಣೆ ಮಾಡಿಸುತ್ತೇವೆ ಅಂತಲೂ ಅಂದಾರು. ಬೇರೆ ಯಾರ ಕೈಯಲ್ಲಾದರೂ ಬರೆಸಿಕೊಳ್ಳುತ್ತಾರೆ, ನಿಜ. ಆದರೆ ಆ ಹೆಣ್ಣುಮಗಳು ಮುಂದೆ ಕೋರ್ಟಿಗೆ ಹೋದ ದಿನ, ಅವತ್ತು ಕಟ್ಟೆಯ ಹತ್ತಿರ ಏನಾಯಿತು ಅಂತ ಹೇಳಲು ಊರಿನಲ್ಲಿ ಒಬ್ಬ ಸಾಕ್ಷಿ ಇರುತ್ತಾನೆ.